ಎದ್ದುಹೋದ ಜೇನು, ಪಾಲಾದ ಜೇನು

ಹಿತ್ತಿಲಿನಲ್ಲಿ ಒಂದು ಜೇನುಪೆಟ್ಟಿಗೆಯನ್ನಿಟ್ಟು, ವರ್ಷಕ್ಕೆ ಎರಡು ಶೀಸೆ ಶುದ್ಧವಾದ ಜೇನುತುಪ್ಪವನ್ನು ಮನೆಯ ಮಕ್ಕಳಿಗೆ ತಿನ್ನಿಸಬೇಕೆಂಬ ಆಸೆ ನನ್ನಂತೆಯೇ ವಾಚಕರಲ್ಲಿ ಹಲವರಿಗೆ ಇದ್ದೀತು. ಆ ಆಸೆಯಿಂದಲೇ ನಾಲ್ಕು ವರ್ಷಗಳ ಹಿಂದೆ ನಾನು ಒಂದು ಪೆಟ್ಟಿಗೆಯನ್ನು ನೊಣಗಳ ಸಮೇತ ಕೊಂಡು ವಲಾಂಡಿಗೆ ತಂದೆನು. ಮಾರಿದವನು, "ಹದಿನೈದು ದಿನಕ್ಕೊಮ್ಮೆ ತುಪ್ಪ ತೆಗೆಯಿರಿ, ಇನ್ನೇನೂ ಮಾಡಬೇಕಾಗಿಲ್ಲ" ಎಂದು ಹೇಳಿದ್ದನು. ನಾನು ಹಾಗೆಯೇ ಮಾಡಿದೆನು. ವೈಶಾಖ ಮಾಸದ ಒಂದು ಬೆಳಿಗ್ಗೆ ಶಾಲೆಗೆ ಹೊರಟಿದ್ದಾಗ ನೆರೆಮನೆಯ ಕಾಕಾ ಅವರು ಗೋಡೆಯಾಚೆಯಿಂದ, "ಗುರುಗಳೇ, ನಿಮ್ಮ ಜೇನ ಎದ್ದು ಹೋಗ್ಯಾವ್ರಿ" ಎಂದು ಕೂಗಿದರು. ಹೋಗಿ ನೋಡಿದರೆ ಪೆಟ್ಟಿಗೆಯಲ್ಲಿ ಒಣಗಿದ ಎರಿಗಳು, ಮೇಣದ ಹುಳುವಿನ ಬಲೆ, ಅಡಿಮಣೆಯ ಮೇಲೆ ಕೆಂಪಿರುವೆಯ ಸಾಲು ಇಷ್ಟೇ ಉಳಿದಿದ್ದವು.

"ಜೇನಿನ ಜಾತಿಯೇ ಹಾಗೆ, ಇಂದು ಇದ್ದು ನಾಳೆ ಹಾರುವುದು" ಎಂದು ಅಂದು ಎಲ್ಲರೂ ಸಮಾಧಾನ ಹೇಳಿದರು. ಅದು ನಿಜವಲ್ಲವೆಂದು ತಿಳಿಯಲು ನನಗೆ ಮತ್ತೆ ಎರಡು ವರ್ಷ ಹಿಡಿಯಿತು. ಜೇನು ಪೆಟ್ಟಿಗೆಯನ್ನು ಬಿಟ್ಟುಹೋಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳುಂಟು. ಒಂದು, ಸಂಸಾರ ಬೆಳೆದು ಹೆಚ್ಚಾಗಿ ಪಾಲಾಗುವುದು. ಮತ್ತೊಂದು, ಬಾಳಲಾರದೆ ಮನೆಯನ್ನೇ ತೊರೆಯುವುದು. ಮೊದಲನೆಯದು ಸಮೃದ್ಧಿಯ ಗುರುತು, ಎರಡನೆಯದು ಬಡತನದ ಗುರುತು. ಹೊಸದಾಗಿ ಜೇನು ಸಾಕುವವರು ಇವೆರಡನ್ನೂ ಒಂದೇ ಎಂದೆಣಿಸಿ, ಒಂದಕ್ಕೆ ಮಾಡಬೇಕಾದ ಉಪಾಯವನ್ನು ಇನ್ನೊಂದಕ್ಕೆ ಮಾಡಿ ಕೈಸುಟ್ಟುಕೊಳ್ಳುತ್ತಾರೆ.

ಮೊದಲು ಯಾವ ಜೇನು ಎಂಬುದನ್ನು ಹೇಳಬೇಕು. ನಮ್ಮ ಗಡಿನಾಡಿನಲ್ಲಿ ಒಂದೇ ನೊಣಕ್ಕೆ ಎರಡು ಹೆಸರುಗಳು ಬಳಕೆಯಲ್ಲಿವೆ. ಹೆಜ್ಜೇನನ್ನು ಮರಾಠಿ ನೆರೆಯವರು ಆಗ್ಯಾ ಎನ್ನುವರು. ಕೋಲುಜೇನು ಅವರಿಗೆ ಫುಲೋರಿ. ನಮ್ಮ ತುಡುವೆ ಜೇನು ಅವರ ಸಾತೇರಿ. ಹೆಜ್ಜೇನೂ ಕೋಲುಜೇನೂ ಬಯಲಿನಲ್ಲಿ ಒಂದೇ ಎರಿಯನ್ನು ಕಟ್ಟುವಂಥವು. ಅವನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದರೆ ನಿಲ್ಲಲಾರವು. ಪೊಟರೆ, ಹಾಳುಬಾವಿಯ ಗೋಡೆ, ಹುತ್ತಗಳ ಕತ್ತಲೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆಯೇ ಪೆಟ್ಟಿಗೆಗೆ ಒಗ್ಗುವುದು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ 1851ರಲ್ಲಿ, ಎರಿಗಳ ನಡುವೆ ನೊಣಗಳು ಓಡಾಡುವಷ್ಟೇ ಜಾಗ ಬಿಟ್ಟರೆ ಅದನ್ನು ಮೇಣದಿಂದ ಬೆಸೆಯುವುದಿಲ್ಲವೆಂಬುದನ್ನು ಗಮನಿಸಿ, ಎತ್ತಿ ನೋಡಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದನು. ಅದು ಯುರೋಪಿನ ದೊಡ್ಡ ನೊಣದ ಅಳತೆಯದು. ನಮ್ಮ ಚಿಕ್ಕ ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ತಿರುಚಿರಾಪಳ್ಳಿಯ ಕಡೆ ಫಾದರ್ ನ್ಯೂಟನ್ ಅವರು 1911ರಿಂದ 1917ರ ಅವಧಿಯಲ್ಲಿ ಬಳಕೆಗೆ ತಂದರು. ಇಂದಿಗೂ ಅದು ನ್ಯೂಟನ್ ಪೆಟ್ಟಿಗೆಯೆಂದೇ ಪ್ರಸಿದ್ಧವಾಗಿದೆ. ಕೊಡಗಿನ ಜೇನುಕೃಷಿಕರು 1936ರಲ್ಲಿ ವಿರಾಜಪೇಟೆಯಲ್ಲಿ ಸಹಕಾರ ಸಂಘವನ್ನು ಕಟ್ಟಿದರು. ಪುಣೆಯಲ್ಲಿ ಕೇಂದ್ರ ಜೇನು ಸಂಶೋಧನ ಸಂಸ್ಥೆ 1962ರಲ್ಲಿ ಆರಂಭವಾಯಿತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣದ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ನಾಶಮಾಡಿತು. ಆ ಮೇಲೆ ಅನೇಕರು ಯುರೋಪಿನ ನೊಣಕ್ಕೆ ಒಲಿದರು. ಹವ್ಯಾಸಕ್ಕಾಗಿ ಒಂದೆರಡು ಪೆಟ್ಟಿಗೆ ಇಡುವವನಿಗೆ ಮಾತ್ರ ತುಡುವೆಯೇ ಸಾಕೆಂದು ನನ್ನ ಅಭಿಪ್ರಾಯ.

ನನ್ನ ಎರಡನೆಯ ಸಂಸಾರವನ್ನು ನಾನು ಕೊಳ್ಳಲಿಲ್ಲ, ಅದಾಗಿಯೇ ಬಂದಿತು. ಎಳ್ಳಮಾವಾಸ್ಯೆಯ ದಿನ ಲಾತೂರು ಸೀಮೆಯ ಊರುಗಳೆಲ್ಲ ಬರಿದಾಗಿ ಹೊಲ ಸೇರುವುದು ಈ ಪತ್ರಿಕೆಯ ವಾಚಕರಿಗೆ ತಿಳಿದ ವಿಷಯವೇ. ನಾವೂ ಅಂಬಲಿ, ಭಜ್ಜಿ, ಕಡುಬುಗಳೊಡನೆ ಹೊಲದಲ್ಲಿ ಕುಳಿತಿದ್ದಾಗ ಮೊಮ್ಮಗಳು ಬಾರಿ ಗಿಡದತ್ತ ಬೆರಳು ತೋರಿದಳು. ಕೆಳಗಿನ ಕೊಂಬೆಯಲ್ಲಿ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾಗಿ ನೊಣಗಳ ಗೊಂಚಲೊಂದು ತೂಗಾಡುತ್ತಿತ್ತು. ಮೊದಲು ಫುಲೋರಿ ಇರಬಹುದೆಂದುಕೊಂಡೆನು. ಹತ್ತಿರ ಹೋಗಿ ನೋಡಿದರೆ ಫುಲೋರಿಗಿರುವ ಕೆಂಪು ಹೊಟ್ಟೆ ಇರಲಿಲ್ಲ, ನೊಣವೂ ಅದಕ್ಕಿಂತ ದೊಡ್ಡದು. ಸಾತೇರಿಯೇ ಸರಿ.

ಪಾಲಾದ ಹಿಂಡು ಹೀಗೆ ಗೊಂಚಲಾಗಿ ಕುಳಿತಾಗ ಬಹುಮಟ್ಟಿಗೆ ಸೌಮ್ಯವಾಗಿರುವುದು. ಕಾಯಲು ಅದಕ್ಕೆ ಮನೆಯಿಲ್ಲ, ಮರಿಗಳಿಲ್ಲ. ಹೊರಡುವ ಮುಂಚೆ ಹೊಟ್ಟೆ ತುಂಬ ತುಪ್ಪವನ್ನು ಹೀರಿಕೊಂಡಿರುತ್ತದೆ. ಹಾಗೆಂದು ಬರಿಮೈಯಲ್ಲಿ ಕೈಹಾಕುವುದು ಸಲ್ಲದು. ಚುಚ್ಚಿದರೆ ಉಸಿರು ಕಟ್ಟುವ ಸ್ವಭಾವ ಕೆಲವರಿಗಿರುವುದರಿಂದ ಮುಖಪರದೆ ಬೇಕೇ ಬೇಕು, ಮಕ್ಕಳು ದೂರದಲ್ಲಿರಬೇಕು. ಆ ಗೊಂಚಲಿನೊಳಗೆ ಆಗ ನಡೆಯುತ್ತಿರುವುದು ಒಂದು ಪಂಚಾಯಿತಿ ಎಂದರೆ ನಗಬಾರದು. ಜೇನಿನ ಕುಣಿತದ ಭಾಷೆಯನ್ನು ಬಿಡಿಸಿ 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ಫಾನ್ ಫ್ರಿಶ್ ಅವರ ಶಿಷ್ಯ ಮಾರ್ಟಿನ್ ಲಿಂಡಾವರ್, 1949ರಲ್ಲಿ ಇಂಥ ಗೊಂಚಲಿನ ಮೇಲೆ ಕುಣಿಯುತ್ತಿದ್ದ ನೊಣಗಳ ಮೈಗೆ ಮಸಿಯೂ ಇಟ್ಟಿಗೆಯ ಧೂಳೂ ಅಂಟಿರುವುದನ್ನು ಕಂಡನು. ಹೂವಿಗೆ ಹೋದ ನೊಣಕ್ಕೆ ಮಸಿ ಎಲ್ಲಿಂದ ಬರಬೇಕು? ಅವು ಮನೆ ಹುಡುಕಲು ಹೋಗಿ ಬಂದ ಬೇಹಿನ ನೊಣಗಳು. ತಾವು ಕಂಡ ಪೊಟರೆಯ ದಿಕ್ಕನ್ನೂ ದೂರವನ್ನೂ ಕುಣಿದು ಹೇಳುತ್ತಿದ್ದವು. ಎಲ್ಲ ಬೇಹಿನವರೂ ಒಂದೇ ಮನೆಯನ್ನು ಒಪ್ಪಿದೊಡನೆ ಹಿಂಡು ಹಾರುವುದು. ಅಷ್ಟರೊಳಗೆ ಹಿಡಿಯಬೇಕು.

ನಾನು ನೀರನ್ನು ತೆಳುವಾಗಿ ಸಿಂಪಡಿಸಿ, ಬಟ್ಟೆಯ ಚೀಲವನ್ನು ಕೆಳಗಿನಿಂದ ಏರಿಸಿ, ಕೊಂಬೆಯನ್ನು ಒಮ್ಮೆ ಬಲವಾಗಿ ಅಲುಗಿಸಿದೆನು. ಗೊಂಚಲು ಧೊಪ್ಪನೆ ಚೀಲಕ್ಕೆ ಬಿದ್ದಿತು. ಚೀಲದ ಬಾಯಿ ಕಟ್ಟಿ ನೆರಳಿನಲ್ಲಿಟ್ಟು, ಸಂಜೆ ಮನೆಗೆ ಬಂದು ಖಾಲಿ ಪೆಟ್ಟಿಗೆಗೆ ಸುರಿದೆನು. ಸಂಜೆಯನ್ನೇ ಆರಿಸಬೇಕು, ಕತ್ತಲಾದ ಮೇಲೆ ಹಿಂಡು ಹಾರುವುದಿಲ್ಲ, ರಾತ್ರಿಯೊಂದು ಕಳೆದರೆ ಮನೆ ಸ್ವಲ್ಪ ರೂಢಿಯಾಗುವುದು. ಬಾಗಿಲಿಗೆ ರಾಣಿತಡೆಯನ್ನು ಹಾಕಿದೆನು. ಅದರ ಸಂದಿನಲ್ಲಿ ಕೆಲಸಗಾರ ನೊಣ ತೂರಬಲ್ಲದು, ರಾಣಿ ತೂರಲಾರದು. ರಾಣಿಯನ್ನು ಬಿಟ್ಟು ಹಿಂಡು ಹೋಗದು. ಆದರೆ ಇಲ್ಲೊಂದು ಎಚ್ಚರ. ಮೊದಲ ಪಾಲಿನೊಡನೆ ಹೊರಡುವುದು ಹಳೆಯ ರಾಣಿ. ಆ ಮೇಲಿನ ಪಾಲುಗಳೊಡನೆ ಹೊರಡುವುದು ಇನ್ನೂ ಗಂಡುನೊಣಗಳನ್ನು ಕೂಡದ ಕನ್ಯಾರಾಣಿ. ಅವಳು ಆಕಾಶಕ್ಕೇರಿಯೇ ಕೂಡಬೇಕು. ಅವಳನ್ನು ತಡೆಹಾಕಿ ಕೂಡಿಸಿದರೆ ಸಂಸಾರ ಬಂಜೆಯಾಗುವುದು. ಆದ್ದರಿಂದ ಮೂರು ದಿನಕ್ಕೆ ತಡೆಯನ್ನು ತೆಗೆದೆನು. ಆರನೆಯ ದಿನ ಚೌಕಟ್ಟನ್ನೆತ್ತಿ ಬಿಸಿಲಿಗೆ ಹಿಡಿದಾಗ ಹೊಸ ಎರಿಯ ಕಣಗಳ ತಳದಲ್ಲಿ ಸೂಜಿಯ ಮೊನೆಯಂಥ ಬಿಳಿಯ ಮೊಟ್ಟೆಗಳು ಕಂಡವು. ಬಂದದ್ದು ಹಳೆಯ ರಾಣಿಯೇ.

ಅದು ನೆಲೆನಿಲ್ಲುವವರೆಗೆ ಪ್ರತಿ ಸಂಜೆ ಸಮಭಾಗ ಸಕ್ಕರೆ ಮತ್ತು ನೀರನ್ನು ಕಲಸಿದ ಪಾಕವನ್ನು ಒಂದು ಬಟ್ಟಲಿನಷ್ಟು ಪೆಟ್ಟಿಗೆಯ ಒಳಗೇ ಇಡುತ್ತಿದ್ದೆನು. ಹೊರಗಿಟ್ಟರೆ ಪರಜೇನು ಬಂದು ಕಳವು ಆರಂಭಿಸುವುದು. ಕುಸುಬೆ, ಕೊತ್ತಂಬರಿಗಳ ಹೂ ಬಂದೊಡನೆ ಪಾಕವನ್ನು ನಿಲ್ಲಿಸಿದೆನು. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಟ್ಟೆನು. ಇರುವೆಯ ಕಾಟ ಅಲ್ಲಿಗೇ ಮುಗಿಯಿತು. ಆ ವರ್ಷ ಒಂದು ಚಮಚ ತುಪ್ಪವನ್ನೂ ತೆಗೆಯಲಿಲ್ಲ. ಮನೆಯವರು, "ಇದೇನು, ಸಕ್ಕರೆಯೂ ನಮ್ಮದೇ, ತುಪ್ಪವೂ ಅವುಗಳದೇ?" ಎಂದು ಕೇಳಿದರು. ಲೆಕ್ಕದಲ್ಲಿ ಅವರದೇ ಸರಿ.

ಮೊದಲ ಸಂಸಾರವನ್ನು ನಾನು ಕೊಂದದ್ದು ಇದೇ ತುಪ್ಪದಿಂದ. ಮರಿಗಳಿರುವ ಸಂಸಾರಕೋಣೆಯ ಎರಿಗಳನ್ನೂ ಬಿಡದೆ ತುಪ್ಪ ಹಿಂಡಿದ್ದೆನು. ಬೇಸಗೆಯಲ್ಲಿ ನಮ್ಮ ಎರೆಹೊಲಗಳಲ್ಲಿ ಹೂವೆಂಬುದು ಅಪರೂಪ, ಬಿಸಿಲು 40 ಡಿಗ್ರಿಗಳನ್ನು ದಾಟುವುದು. ಮರಿಗಳಿಗೆ ಬೇಕಾದದ್ದು ಸುಮಾರು 33ರಿಂದ 35 ಡಿಗ್ರಿ. ನೊಣಗಳು ನೀರು ತಂದು ರೆಕ್ಕೆಬೀಸಿ ಗೂಡನ್ನು ತಂಪಾಗಿಡಬೇಕು. ಅನ್ನವಿಲ್ಲದವನು ಎಷ್ಟು ಹೊತ್ತು ಬೀಸಣಿಗೆ ಬೀಸಿಯಾನು? ಗೂಡು ತೊರೆಯುವ ಸಂಸಾರ ಒಂದೇ ದಿನದಲ್ಲಿ ತೀರ್ಮಾನಿಸುವುದಿಲ್ಲ. ಮೊದಲು ಪರಾಗ ತರುವುದು ನಿಲ್ಲುವುದು, ರಾಣಿ ಮೊಟ್ಟೆ ನಿಲ್ಲಿಸುವಳು, ಇದ್ದ ಮರಿಗಳು ನೊಣಗಳಾಗಿ ಹೊರಬರುವವು, ಉಳಿದ ತುಪ್ಪವನ್ನು ಉಂಡು ಎಲ್ಲವೂ ಒಟ್ಟಿಗೆ ಹೊರಡುವವು. ಹಿಂದೆ ಯಾರೂ ಉಳಿಯರು. ಪಾಲಾದಾಗಲಾದರೋ ಅರ್ಧ ಸಂಸಾರ, ಮರಿಗಳು, ರಾಣಿಕಣಗಳು ಹಿಂದೆ ಉಳಿದಿರುತ್ತವೆ. ಆ ವೈಶಾಖಕ್ಕೆ ಮುಂಚಿನ ಎರಡು ಮೂರು ವಾರ ನಾನು ಬಾಗಿಲಲ್ಲಿ ಕುಳಿತು ನೋಡಿದ್ದರೆ, ಕಾಲಿಗೆ ಪರಾಗದ ಉಂಡೆಯಿಲ್ಲದೆ ಬರುವ ನೊಣಗಳು ಎಲ್ಲವನ್ನೂ ಹೇಳುತ್ತಿದ್ದವು. ಈಗ ಬೇಸಗೆಯಲ್ಲಿ ಪೆಟ್ಟಿಗೆ ಬೇವಿನ ನೆರಳಿನಲ್ಲಿರುತ್ತದೆ. ಮೇಲೆ ಒದ್ದೆಯ ಗೋಣಿತಟ್ಟು, ಪಕ್ಕದಲ್ಲಿ ಹರಳು ಹಾಕಿದ ನೀರಿನ ಮಣ್ಣಿನ ಪಾತ್ರೆ.

ಮರುವರ್ಷ ಸಂಕ್ರಾಂತಿಯ ಹೊತ್ತಿಗೆ ಸಂಸಾರ ಪೆಟ್ಟಿಗೆ ತುಂಬಿತು. ವಾರಕ್ಕೊಮ್ಮೆ ಚೌಕಟ್ಟುಗಳನ್ನು ನೋಡಿ, ತರಬೇತಿಯ ದಿನಗಳಲ್ಲಿ ಪಾಠದ ಟಿಪ್ಪಣಿ ಬರೆಯುತ್ತಿದ್ದ ಚಟದಂತೆ ಪುಸ್ತಕದಲ್ಲಿ ಬರೆದಿಡುತ್ತಿದ್ದೆನು. ಮೊದಲು ಗಂಡುನೊಣಗಳು ಹೆಚ್ಚಿದವು. ಬಳಿಕ ಎರಿಯ ಕೆಳ ಅಂಚಿನಲ್ಲಿ ಸಣ್ಣ ನೆಲಗಡಲೆಕಾಯಿಯಂತೆ ಜೋತುಬಿದ್ದ ರಾಣಿಕಣಗಳು ಮೂಡಿದವು. ಸಂಸಾರ ಪಾಲಾಗಲು ಸಿದ್ಧವಾಗಿತ್ತು. ಕಣಗಳನ್ನು ಕಿತ್ತುಹಾಕಿದರೆ ಮತ್ತೆ ಕಟ್ಟುವವು, ಅದು ಪೂರ್ಣ ಉಪಾಯವಲ್ಲ. ಅವು ಮಾಡಿಕೊಳ್ಳುವ ಪಾಲನ್ನು ನಾವೇ ಮಾಡಿಕೊಡುವುದು ಲೇಸು. ಹಳೆಯ ರಾಣಿಯಿದ್ದ ಚೌಕಟ್ಟನ್ನೂ ಮರಿ, ತುಪ್ಪಗಳಿದ್ದ ಇನ್ನೆರಡನ್ನೂ ನೊಣಗಳ ಸಹಿತ ಹೊಸ ಪೆಟ್ಟಿಗೆಗೆ ಹಾಕಿ, ರಾತ್ರಿ ಮೂರು ಕಿಲೋಮೀಟರು ದೂರದ ಬೀಗರ ಹೊಲಕ್ಕೆ ಸಾಗಿಸಿದೆನು. ಪಕ್ಕದಲ್ಲೇ ಇಟ್ಟಿದ್ದರೆ ದುಡಿಯುವ ನೊಣಗಳೆಲ್ಲ ಹಳೆಯ ಜಾಗಕ್ಕೇ ಮರಳುತ್ತಿದ್ದವು. ಹಳೆಯ ಪೆಟ್ಟಿಗೆಯಲ್ಲಿ ಒಂದೇ ಒಂದು ಒಳ್ಳೆಯ ರಾಣಿಕಣವನ್ನು ಉಳಿಸಿದೆನು.

ವಾರದಲ್ಲಿ ಆ ಕಣ ತೆರೆದಿತ್ತು, ಕನ್ಯಾರಾಣಿ ಹೊರಬಂದಿದ್ದಳು. ಇನ್ನು ಹದಿನೈದು ದಿನ ಪೆಟ್ಟಿಗೆಯನ್ನು ಮುಟ್ಟಬಾರದು. ಮುಟ್ಟಲಿಲ್ಲ. ಆದರೆ ಮೂರು ವಾರ ಕಳೆದರೂ ಮೊಟ್ಟೆ ಕಾಣಲಿಲ್ಲ. ತಂತಿಯ ಮೇಲೆ ದಿನವೂ ಸಾಲಾಗಿ ಕುಳಿತಿರುತ್ತಿದ್ದ ಕಳ್ಳಿಪೀರ ಹಕ್ಕಿಗಳ ಮೇಲೆ ನನಗೆ ಸಂಶಯ. ಕೂಡಲು ಹಾರಿದ ರಾಣಿ ಅವುಗಳ ಕೊಕ್ಕಿಗೆ ಸಿಕ್ಕಿದ್ದರೆ ಆಶ್ಚರ್ಯವಿಲ್ಲ. ರಾಣಿಯಿಲ್ಲದ ಸಂಸಾರ ದಿನದಿಂದ ದಿನಕ್ಕೆ ಕರಗುವುದು. ಕೊನೆಗೆ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗುವವು. ಅವುಗಳಿಂದ ಗಂಡುನೊಣಗಳಲ್ಲದೆ ಬೇರೇನೂ ಹುಟ್ಟದು. ಮರುದಿನವೇ ಬೀಗರ ಹೊಲದ ಪೆಟ್ಟಿಗೆಯಿಂದ ಹೊಸ ಮೊಟ್ಟೆಗಳಿದ್ದ ಒಂದು ಚೌಕಟ್ಟನ್ನು, ರಾಣಿ ಅದರ ಮೇಲಿಲ್ಲವೆಂದು ಎರಡು ಬಾರಿ ನೋಡಿ, ತಂದು ಹಾಕಿದೆನು. ಎಳೆಯ ಮರಿಗೆ ರಾಜಶಾಹಿ ರಸವನ್ನೇ ಉಣಿಸಿ ಬೆಳೆಸಿದರೆ ಯಾವ ಹೆಣ್ಣುಮರಿಯಾದರೂ ರಾಣಿಯಾಗಬಲ್ಲದು. ಮೂರು ದಿನಗಳಲ್ಲಿ ನಾಲ್ಕು ರಾಣಿಕಣಗಳು ಮೂಡಿದವು, ಎರಡನ್ನು ಉಳಿಸಿದೆನು. ಈ ಬಾರಿ ಹೊಸ ರಾಣಿ ಹೊರಟು ಹಿಂದಿರುಗಿದಳು.

ಉಳಿದಿರುವ ಚಿಂತೆ ಔಷಧ ಸಿಂಪಡಣೆಯದು. ತೊಗರಿ ಹೂವಾದಾಗ ಬೆಳಗಿನಲ್ಲಿ ಕೀಟನಾಶಕ ಹೊಡೆದರೆ ದುಡಿಯಲು ಹೋದ ನೊಣಗಳು ಹೊಲದಲ್ಲೇ ಸಾಯುತ್ತವೆ. ಸುತ್ತಲಿನ ಐದಾರು ಒಕ್ಕಲುಗಳ ಮನೆಗೆ ಹೋಗಿ ಕೇಳಿಕೊಂಡಿದ್ದೇನೆ. ಮೂವರು ಸಂಜೆ ಹೊತ್ತು ಮುಳುಗಿದ ಮೇಲೆ ಹೊಡೆಯಲು ಒಪ್ಪಿದ್ದಾರೆ, ಒಬ್ಬರು ಹಿಂದಿನ ದಿನ ತಿಳಿಸುವುದಾಗಿ ಹೇಳಿದ್ದಾರೆ. ಉಳಿದವರ ಮನೆಗೆ ಮತ್ತೊಮ್ಮೆ ಹೋಗಬೇಕಾಗಿದೆ.

ಈಗ ಹಿತ್ತಿಲಿನಲ್ಲಿ ಒಂದು, ಬೀಗರ ಹೊಲದಲ್ಲಿ ಒಂದು ಪೆಟ್ಟಿಗೆಯಿದೆ. ಹಳೆಯ ಎರಿಯ ಮೇಣವನ್ನು ಸವರಿದ ಮೂರನೆಯದು ಖಾಲಿಯಾಗಿ ಬಾರಿ ಗಿಡದ ಕವಲಿನಲ್ಲಿ ಕುಳಿತಿದೆ. ಕಳೆದ ವಾರದಿಂದ ಮಧ್ಯಾಹ್ನದ ಹೊತ್ತು ಐದಾರು ನೊಣಗಳು ಅದರ ಬಾಗಿಲಲ್ಲಿ ಒಳಹೊಕ್ಕು ಹೊರಬಂದು ಮಾಡುತ್ತಿವೆ. ಅವುಗಳ ಕಾಲಿನಲ್ಲಿ ಪರಾಗವಿಲ್ಲ. ಮನೆ ನೋಡಲು ಬಂದವರಿರಬೇಕು.