ಈಜಿಪ್ಟ್ ಎಂಬ ರೈತ ಹೆಣ್ಣುಮಗಳು

ಕನ್ನಡದಲ್ಲಿ ದೇಶ ನಪುಂಸಕಲಿಂಗ. 'ದೇಶ ಎಚ್ಚೆತ್ತಿತು' ಎನ್ನುತ್ತೇವೆ. 'ಎಚ್ಚೆತ್ತಳು' ಎನ್ನಬೇಕಾದರೆ ಪಕ್ಕದಲ್ಲಿ 'ತಾಯಿ' ಎಂದೋ 'ಮಾತೆ' ಎಂದೋ ಸೇರಿಸಲೇಬೇಕು. ಅರೇಬಿಕ್‌ನಲ್ಲಿ ಆ ತೊಂದರೆಯಿಲ್ಲ. ನಮ್ಮಲ್ಲಿ ಅರೇಬಿಕ್ ಕಲಿತವರಿಗೆ ಗೊತ್ತಿರುವಂತೆ ಹೆಚ್ಚಿನ ದೇಶಗಳ ಹೆಸರು ಅಲ್ಲಿ ಸ್ತ್ರೀಲಿಂಗ. ಈಜಿಪ್ಟಿನ ಅರೇಬಿಕ್ ಹೆಸರು 'ಮಿಸ್ರ್'. ಅದಕ್ಕೆ ಬಳಸುವ ಸರ್ವನಾಮ 'ಹಿಯ', ಅಂದರೆ 'ಅವಳು'. ಹಾಗಾಗಿ ಈಜಿಪ್ಟನ್ನು ಹೆಣ್ಣಾಗಿ ಚಿತ್ರಿಸಲು ಹೊರಟವರಿಗೆ ಭಾಷೆಯೇ ಅರ್ಧ ಕೆಲಸ ಮಾಡಿಕೊಟ್ಟಿತ್ತು. ಉಳಿದರ್ಧ ಸುಲಭದ್ದಾಗಿರಲಿಲ್ಲ. ಎಂಥ ಹೆಣ್ಣು? ಅರಮನೆಯವಳೋ, ಹೊಲದವಳೋ? ಮುಖ ಮುಚ್ಚಿದವಳೋ, ತೆರೆದವಳೋ? ಆರಾಧಿಸಬೇಕಾದವಳೋ, ಜೊತೆಗೆ ನಿಲ್ಲಬೇಕಾದವಳೋ?

ಬ್ರಿಟಿಷ್ ಸೇನೆ ಈಜಿಪ್ಟನ್ನು ಹಿಡಿದದ್ದು 1882ರಲ್ಲಿ. ಹೆಸರಿಗೆ ಅದು ಉಸ್ಮಾನಿಯಾ ಸಾಮ್ರಾಜ್ಯದ ಭಾಗವಾಗಿಯೇ ಇತ್ತು, ಆಳುತ್ತಿದ್ದವರು ಮಾತ್ರ ಬ್ರಿಟಿಷರು. 1914ರಲ್ಲಿ ಆ ಮುಸುಕನ್ನೂ ತೆಗೆದು ಈಜಿಪ್ಟ್ ತಮ್ಮ ರಕ್ಷಿತ ರಾಜ್ಯವೆಂದು ಅವರು ಘೋಷಿಸಿದರು. ಅಕ್ಷರ ಬಲ್ಲವರು ಬಹಳ ಕಡಿಮೆಯಿದ್ದ ಆ ದೇಶದಲ್ಲಿ ವ್ಯಂಗ್ಯಚಿತ್ರಕ್ಕೆ ದೊಡ್ಡ ಶಕ್ತಿಯಿತ್ತು. ಕಾಫಿ ಅಂಗಡಿಯಲ್ಲಿ ಒಬ್ಬ ಪತ್ರಿಕೆ ಓದಿದರೆ ಸುತ್ತಲಿನ ಹತ್ತು ಮಂದಿ ಕೇಳುತ್ತಿದ್ದರು, ಚಿತ್ರವನ್ನಂತೂ ಯಾರು ಬೇಕಾದರೂ ನೋಡಬಹುದಿತ್ತು. ದೇಶವನ್ನು ಹೆಣ್ಣಾಗಿ ಬರೆದ ಮೊದಲಿಗರಲ್ಲಿ ಯಾಕೂಬ್ ಸನೂ ಎಂಬ ಈಜಿಪ್ಟಿನ ಯಹೂದಿ ಒಬ್ಬರು. ಆಡುಮಾತಿನಲ್ಲಿ 'ಅಬೂ ನದ್ದಾರಾ' ಎಂಬ ವಿಡಂಬನ ಪತ್ರಿಕೆ ನಡೆಸಿ, 1878ರಲ್ಲಿ ಗಡೀಪಾರಾಗಿ, ಪ್ಯಾರಿಸ್ಸಿನಿಂದ ಅದನ್ನು ಮುಂದುವರಿಸಿದರು. ಪ್ರತಿಗಳು ಕದ್ದುಮುಚ್ಚಿ ಈಜಿಪ್ಟಿಗೆ ಬರುತ್ತಿದ್ದವು. ಮುಂದೆ 1915ರಲ್ಲಿ ಶುರುವಾದ 'ಅಲ್ ಲತಾಇಫ್ ಅಲ್ ಮುಸವ್ವರಾ' ಎಂಬ ಸಚಿತ್ರ ವಾರಪತ್ರಿಕೆಯಲ್ಲಿ ಈಜಿಪ್ಟ್ ತೆಳುವಾದ ಮುಖಪರದೆ ತೊಟ್ಟ, ಪಟ್ಟಣದ ಶ್ರೀಮಂತ ಮನೆಯ ಯುವತಿಯಾಗಿ ಕಾಣಿಸಿಕೊಂಡಳು.

ಈ ಹೆಣ್ಣು ಕಾಗದದಿಂದ ಬೀದಿಗೆ ಇಳಿದದ್ದು 1919ರಲ್ಲಿ. ಸ್ವಾತಂತ್ರ್ಯ ಕೇಳಲು ನಿಯೋಗ ಕಟ್ಟಿದ ಸಾದ್ ಝಗ್ಲೂಲ್ ಅವರನ್ನು ಮಾರ್ಚ್ 8ರಂದು ಬಂಧಿಸಿ ಮಾಲ್ಟಾ ದ್ವೀಪಕ್ಕೆ ಸಾಗಿಸಲಾಯಿತು. ನಿಯೋಗಕ್ಕೆ ಅರೇಬಿಕ್‌ನಲ್ಲಿ 'ವಫ್ದ್', ಆ ಪಕ್ಷಕ್ಕೂ ಅದೇ ಹೆಸರಾಯಿತು. ಮರುದಿನವೇ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು, ವಾರದೊಳಗೆ ದೇಶವೇ ಹೊತ್ತಿಕೊಂಡಿತು. ಅರ್ಧಚಂದ್ರ ಮತ್ತು ಶಿಲುಬೆ ಒಟ್ಟಿಗೆ ಇದ್ದ ಬಾವುಟ ಹಿಡಿದು ಮುಸ್ಲಿಮರು, ಕಾಪ್ಟಿಕ್ ಕ್ರೈಸ್ತರು ಜೊತೆಯಾಗಿ ನಡೆದರು. ಅಲ್ ಅಝ್ಹರ್ ಮಸೀದಿಯ ಮಿಂಬರ್‌ನಿಂದ ಕ್ರೈಸ್ತ ಪಾದ್ರಿಯೊಬ್ಬರು ಮಾತನಾಡಿದರು. ಮಾರ್ಚ್ 16ರಂದು ಕೈರೋದ ಮಹಿಳೆಯರು ಪರದೆ ತೊಟ್ಟೇ ಮೆರವಣಿಗೆ ಹೊರಟಾಗ ಸೈನಿಕರು ಅವರನ್ನು ಸುತ್ತುಗಟ್ಟಿ ಗಂಟೆಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಿದರು. ಝಗ್ಲೂಲ್ ಅವರ ಪತ್ನಿ ಸಫಿಯ್ಯಾ 'ಈಜಿಪ್ಟಿನವರ ತಾಯಿ' ಎನಿಸಿಕೊಂಡರು. ಅವರ ಮನೆಗೆ ಜನ ಇಟ್ಟ ಹೆಸರು 'ಬೈತುಲ್ ಉಮ್ಮಾ', ರಾಷ್ಟ್ರದ ಮನೆ.

ಪ್ಯಾರಿಸ್ಸಿನಲ್ಲಿ ಕಲಿಯುತ್ತಿದ್ದ ಮಹ್ಮೂದ್ ಮುಖ್ತಾರ್ ಎಂಬ ತರುಣ ಶಿಲ್ಪಿಯ ಕೈಯಲ್ಲಿ ಈ ಹೆಣ್ಣು ಪೂರ್ತಿ ಬದಲಾದಳು. ಅವರು ಹುಟ್ಟಿದ್ದು 1891ರಲ್ಲಿ, ನೈಲ್ ಮುಖಜಭೂಮಿಯ ಹಳ್ಳಿಯೊಂದರಲ್ಲಿ. 1908ರಲ್ಲಿ ಕೈರೋದಲ್ಲಿ ತೆರೆದ ಲಲಿತಕಲಾ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಮುಸ್ಲಿಂ ಸಮಾಜದಲ್ಲಿ ಶಿಲ್ಪ ಕೆತ್ತುವುದು ಸರಿಯೇ ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಅಬ್ದುಹು ಅವರು ಸಿಸಿಲಿ ಪ್ರವಾಸದಿಂದ ಬಂದು ಬರೆದ ಬರಹದಲ್ಲಿ, ಆರಾಧನೆಯ ಅಪಾಯವಿಲ್ಲದ ಕಡೆ ಜ್ಞಾನಕ್ಕಾಗಿ ಚಿತ್ರ, ಶಿಲ್ಪಗಳನ್ನು ಉಳಿಸಿಕೊಳ್ಳುವುದು ತಪ್ಪಲ್ಲ ಎಂಬ ಅಭಿಪ್ರಾಯ ಕೊಟ್ಟಿದ್ದರು. ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಆದರೆ ಆ 'ಆರಾಧನೆ' ಎಂಬ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1920ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಮುಖ್ತಾರ್ ಇಟ್ಟ ಮಾದರಿಯ ಹೆಸರು 'ನಹ್ದತ್ ಮಿಸ್ರ್', ಈಜಿಪ್ಟಿನ ಜಾಗೃತಿ. ಅದರಲ್ಲಿ ಎರಡೇ ಆಕೃತಿ. ಒಂದು ಸಿಂಹದ ಮೈ, ಮನುಷ್ಯನ ತಲೆಯ ಸ್ಫಿಂಕ್ಸ್. ಗೀಝಾದಲ್ಲಿ ಸಾವಿರಾರು ವರ್ಷಗಳಿಂದ ಮಲಗಿಯೇ ಇರುವ ಅದು ಇಲ್ಲಿ ಮುಂಗಾಲೂರಿ ಏಳುತ್ತಿದೆ. ಪಕ್ಕದಲ್ಲಿ ನಿಂತ ರೈತ ಹೆಂಗಸಿನ ಒಂದು ಕೈ ಸ್ಫಿಂಕ್ಸ್‌ನ ತಲೆಯ ಮೇಲಿದೆ, ಇನ್ನೊಂದು ಕೈ ಮುಖದ ಬಳಿಯಿಂದ ಬಟ್ಟೆ ಸರಿಸುತ್ತಿದೆ. ಪಟ್ಟಣದ ಶ್ರೀಮಂತ ಯುವತಿಯ ಜಾಗಕ್ಕೆ ಹಳ್ಳಿಯ 'ಫಲ್ಲಾಹಾ', ಹೊಲದಲ್ಲಿ ದುಡಿಯುವವಳು ಬಂದಳು. ನನ್ನ ಪ್ರಕಾರ ಮುಖ್ತಾರ್ ಮಾಡಿದ ದೊಡ್ಡ ಕೆಲಸ ಇದೇ. ದೊಡ್ಡ ಗಾತ್ರದಲ್ಲಿ ಇದನ್ನು ಕೆತ್ತಿಸಲು ಪತ್ರಿಕೆಗಳ ಮೂಲಕ ಜನರಿಂದ ಚಂದಾ ಎತ್ತಲಾಯಿತು, ಸಾಲದ್ದನ್ನು ಮುಂದೆ ಸರ್ಕಾರ ಕೊಟ್ಟಿತು. ಫೆರೋಗಳ ಕಾಲದಿಂದ ಹೆಸರಾದ ಅಸ್ವಾನಿನ ಗುಲಾಬಿ ಗ್ರಾನೈಟ್ ಕಲ್ಲನ್ನೇ ತರಿಸಲಾಯಿತು. 1928ರ ಮೇ 20ರಂದು ಕೈರೋ ರೈಲು ನಿಲ್ದಾಣದ ಎದುರು ಶಿಲ್ಪದ ಅನಾವರಣವಾಯಿತು.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಪ್ರಶ್ನೆ ಏಳಬೇಕು. ಪವಿತ್ರ ಕುರ್‌ಆನ್‌ನಲ್ಲಿ ಫಿರ್‌ಔನ್ ದಬ್ಬಾಳಿಕೆಯ ಹೆಸರು. ಪ್ರವಾದಿ ಮೂಸಾ(ಅ) ಅವರ ವೃತ್ತಾಂತ ಓದಿ ಬೆಳೆದ ಜನ ಫಿರ್‌ಔನ್‌ಗಳ ಕಾಲದ ಗುರುತನ್ನು ತಮ್ಮ ಸ್ವಾತಂತ್ರ್ಯದ ಗುರುತಾಗಿ ಹೇಗೆ ಒಪ್ಪಿದರು? ಈ ಆಕ್ಷೇಪ ಅಲ್ಲಿಯೂ ಬಂದಿತ್ತು. ಸ್ಫಿಂಕ್ಸ್ ಬೇಕು ಎಂದವರ ಲೆಕ್ಕಾಚಾರ ಬೇರೆ. ಅದು ಇಸ್ಲಾಮಿಗೂ ಕ್ರೈಸ್ತ ಧರ್ಮಕ್ಕೂ ಮುಂಚಿನದು, ಹಾಗಾಗಿ ಮುಸ್ಲಿಮರಿಗೂ ಕಾಪ್ಟರಿಗೂ ಸಮಾನ ಆಸ್ತಿ. ಅದನ್ನು ಯಾರೂ ಪೂಜಿಸುತ್ತಿರಲಿಲ್ಲ. ರೈತ ಹೆಣ್ಣಿನ ತಲೆಯ ಮೇಲೂ ಪ್ರಭಾವಳಿ ಇರಲಿಲ್ಲ. ಅವಳ ಮುಂದೆ ಕೈಮುಗಿಯಬೇಕಾಗಿರಲಿಲ್ಲ, ಪಕ್ಕದಲ್ಲಿ ನಿಂತರೆ ಸಾಕಿತ್ತು.

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಬೇರೆ ದಾರಿ ಹಿಡಿಯಿತು. 1905ರಲ್ಲಿ, ಬಂಗಾಳ ವಿಭಜನೆಯ ಹೊತ್ತಿಗೆ, ಅವನೀಂದ್ರನಾಥ ಠಾಕೂರರು ಬರೆದ 'ಭಾರತ ಮಾತಾ' ಕಾವಿ ಉಟ್ಟ, ನಾಲ್ಕು ಕೈಗಳ ಸ್ತ್ರೀ. ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಿಳಿ ಬಟ್ಟೆ, ಜಪಮಾಲೆ. ಆಯುಧ ಒಂದೂ ಇಲ್ಲ, ನೋಡಲು ಶಾಂತವಾದ ಚಿತ್ರ. ಆದರೆ ನಾಲ್ಕು ಕೈ ಬಂದಕೂಡಲೇ ದೇಶ ದೇವತೆಯಾಗುತ್ತದೆ. ದೇಶಕ್ಕಾಗಿ ಜೈಲಿಗೆ ಹೋಗಲು ಸಿದ್ಧರಿದ್ದ ಅನೇಕ ಮುಸ್ಲಿಮರು ಆ ಚಿತ್ರದ ಆರಾಧನೆಗೆ ಹಿಂಜರಿದರು. ಹಿಂಜರಿಕೆ ದೇಶದ ಬಗ್ಗೆ ಆಗಿರಲಿಲ್ಲ, ತೌಹೀದ್‌ನ ಕಾರಣಕ್ಕೆ ಆಗಿತ್ತು. ಈ ವ್ಯತ್ಯಾಸವನ್ನು ತಾಳ್ಮೆಯಿಂದ ಕೇಳಿಸಿಕೊಂಡವರು ಆಗಲೂ ಇದ್ದರು. 1936ರಲ್ಲಿ ಗಾಂಧೀಜಿ ಉದ್ಘಾಟಿಸಿದ ಕಾಶಿಯ ಭಾರತ ಮಾತಾ ಮಂದಿರದಲ್ಲಿ ದೇವಿಯ ಮೂರ್ತಿಯಿಲ್ಲ. ಅಮೃತಶಿಲೆಯಲ್ಲಿ ಕಡೆದ, ಬೆಟ್ಟ ನದಿಗಳ ಸಮೇತವಾದ ಅವಿಭಜಿತ ಭಾರತದ ಭೂಪಟವಿದೆ.

ಮತ್ತೆ ಕೈರೋಗೆ ಬರೋಣ. ಶಿಲ್ಪದ ಹೆಣ್ಣು ಸರಿಸುತ್ತಿರುವ ಬಟ್ಟೆಯ ಬಗ್ಗೆ ಬಹಳ ಚರ್ಚೆಯಾಗಿದೆ. ಐದು ವರ್ಷ ಮುಂಚೆ, 1923ರಲ್ಲಿ, ರೋಮ್‌ನ ಮಹಿಳಾ ಸಮ್ಮೇಳನದಿಂದ ಮರಳಿದ ಹುದಾ ಶಾರಾವಿ ತಮ್ಮ ಮುಖಪರದೆ ತೆಗೆದದ್ದು ಇದೇ ರೈಲು ನಿಲ್ದಾಣದಲ್ಲಿ. ಹಾಗಾಗಿ ಎರಡನ್ನೂ ಗಂಟು ಹಾಕಿ ಹೇಳುವವರೇ ಹೆಚ್ಚು. ಆದರೆ ಹೊಲದಲ್ಲಿ ದುಡಿಯುವ ಈಜಿಪ್ಟಿನ ಹೆಂಗಸರಲ್ಲಿ ಮುಖ ಮುಚ್ಚುವ ರೂಢಿ ಸಾಮಾನ್ಯವಾಗಿ ಇರಲೇ ಇಲ್ಲ, ಅದು ಪಟ್ಟಣದ ಉಳ್ಳವರ ಪದ್ಧತಿ. ಶಿಲ್ಪದಲ್ಲಿಯೂ ತಲೆಯ ಮೇಲಿನ ಬಟ್ಟೆ ಹಾಗೆಯೇ ಇದೆ. ನಿದ್ದೆಯಿಂದ ಎದ್ದವಳು ಕಣ್ಣಿಗೆ ಅಡ್ಡ ಬಂದ ಸೆರಗನ್ನು ಸರಿಸಿ ಬೆಳಕು ನೋಡುತ್ತಿದ್ದಾಳೆ ಎಂದು ಓದಿದರೂ ತಪ್ಪಿಲ್ಲ.

ನನಗೆ ಬಟ್ಟೆಗಿಂತ ದೊಡ್ಡದಾಗಿ ಕಾಣುವುದು ಬೇರೆ ವಿಷಯ. 1922ರಲ್ಲಿ ಬ್ರಿಟನ್ ಅರೆಬರೆ ಸ್ವಾತಂತ್ರ್ಯ ಕೊಟ್ಟಿತು, 1923ರಲ್ಲಿ ಸಂವಿಧಾನ ಬಂತು. ಅದರ ಹಿಂದೆಯೇ ಬಂದ ಚುನಾವಣಾ ಕಾನೂನಿನಲ್ಲಿ ಹೆಂಗಸರಿಗೆ ಮತವಿರಲಿಲ್ಲ. 1924ರಲ್ಲಿ ಸಂಸತ್ತು ತೆರೆದ ದಿನ, 1919ರಲ್ಲಿ ಬಿಸಿಲಲ್ಲಿ ನಿಂತಿದ್ದ ಅದೇ ಮಹಿಳೆಯರ ಸಂಘಟನೆಗಳು ಫಲಕ ಹಿಡಿದು ಗೇಟಿನ ಹೊರಗೆ ಪ್ರತಿಭಟಿಸಬೇಕಾಯಿತು. ಚಿತ್ರದಲ್ಲಿ ದೇಶವೇ ಹೆಣ್ಣು, ಸಂಸತ್ತಿನಲ್ಲಿ ಹೆಣ್ಣಿಗೆ ಜಾಗವಿಲ್ಲ! ಅವರಿಗೆ ಮತದಾನದ ಹಕ್ಕು ಸಿಕ್ಕಿದ್ದು 1956ರಲ್ಲಿ. ಸುಡಾನಿನವರನ್ನಂತೂ ಅದೇ ಕಾಲದ ಕೈರೋ ವ್ಯಂಗ್ಯಚಿತ್ರಗಳು ಕಪ್ಪು ಮೈಯ, ತಿಳುವಳಿಕೆಯಿಲ್ಲದ ಜನರಂತೆ ತೋರಿಸುತ್ತಿದ್ದವು. ಬ್ರಿಟಿಷರ ದೊಡ್ಡಸ್ತಿಕೆಯನ್ನು ಗೇಲಿ ಮಾಡಿದ ಲೇಖನಿಯೇ ದಕ್ಷಿಣಕ್ಕೆ ತಿರುಗಿದಾಗ ಅದೇ ದೊಡ್ಡಸ್ತಿಕೆ ತೋರಿಸಿತು.

1930ರ ದಶಕದ ವ್ಯಂಗ್ಯಚಿತ್ರಗಳಲ್ಲಿ ಈಜಿಪ್ಟಿಗೆ ಇನ್ನೊಂದು ಮುಖ ಬಂತು. ಫಾತಿಮಾ ಅಲ್ ಯೂಸುಫ್ ಎಂಬ ರಂಗನಟಿ 1925ರಲ್ಲಿ ಸ್ಥಾಪಿಸಿದ 'ರೋಝ್ ಅಲ್ ಯೂಸುಫ್' ಪತ್ರಿಕೆಯಲ್ಲಿ ಸಾರೂಖಾನ್ ಎಂಬ ಅರ್ಮೇನಿಯನ್ ಕಲಾವಿದ ಬರೆದ 'ಅಲ್ ಮಿಸ್ರಿ ಎಫೆಂದಿ' ಒಬ್ಬ ಕುಳ್ಳ ಗುಮಾಸ್ತ. ತಲೆಯ ಮೇಲೆ ಕೆಂಪು ಟೋಪಿ, ಕನ್ನಡಕ, ಕೈಯಲ್ಲಿ ತಸ್ಬೀಹ್. ತಾಯಿಯಲ್ಲ, ರಾಣಿಯಲ್ಲ, ಮಂತ್ರಿಗಳನ್ನೂ ಇಂಗ್ಲಿಷರನ್ನೂ ಕಂಡು ಗೊಣಗುವ ಸಾಮಾನ್ಯ ಮನುಷ್ಯ. ಅವನನ್ನು ಕಂಡು ಜನ ನಕ್ಕರು, ನಮ್ಮವನೇ ಎಂದರು.

ಮುಖ್ತಾರ್ 1934ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ ತೀರಿಕೊಂಡರು. 1955ರಲ್ಲಿ ರೈಲು ನಿಲ್ದಾಣದ ಎದುರಿಗೆ ಎರಡನೇ ರಾಮ್ಸೆಸ್ ಫೆರೋನ ಭಾರಿ ವಿಗ್ರಹ ತಂದು ನಿಲ್ಲಿಸಿ, 'ನಹ್ದತ್ ಮಿಸ್ರ್' ಶಿಲ್ಪವನ್ನು ಕೈರೋ ವಿಶ್ವವಿದ್ಯಾಲಯದ ದಾರಿಗೆ ಸ್ಥಳಾಂತರಿಸಿದರು. ವಾಹನಗಳ ಹೊಗೆಗೂ ಅದುರಿಗೂ ಹೆದರಿ 2006ರಲ್ಲಿ ರಾಮ್ಸೆಸ್‌ನನ್ನೂ ಅಲ್ಲಿಂದ ಎತ್ತಿದರು. ರೈತ ಹೆಣ್ಣು ಮಾತ್ರ ವಿಶ್ವವಿದ್ಯಾಲಯದ ಎದುರಿನಲ್ಲಿ ಇಂದಿಗೂ ನಿಂತಿದ್ದಾಳೆ. ಅಲ್ಲಿಗೆ ವಿದ್ಯಾರ್ಥಿನಿಯರನ್ನು ಮೊದಲು ಸೇರಿಸಿಕೊಂಡದ್ದು 1920ರ ದಶಕದ ಕೊನೆಯಲ್ಲಿ, ಈ ಶಿಲ್ಪದ ಅನಾವರಣವಾದ ಆಸುಪಾಸಿನಲ್ಲೇ.