ಶಾಂತಿ ಸಭೆ ಮತ್ತು ಹಕ್ಕುಪತ್ರ: ಹುಣಸೂರು ಉಪವಿಭಾಗದಲ್ಲಿ ಉಗ್ರವಾದ ತಡೆಯುವ ದಾರಿಗಳು

ಹಿಂಸೆಯೇ ದಾರಿ ಎಂದು ನಂಬುವ ಉಗ್ರವಾದ ಯಾವುದೋ ಒಂದು ಧರ್ಮಕ್ಕೋ ಸಿದ್ಧಾಂತಕ್ಕೋ ಸೇರಿದ್ದಲ್ಲ. ಕಳೆದ ಎರಡು ದಶಕಗಳಲ್ಲಿ ಕರ್ನಾಟಕ ಅದರ ಹಲವು ಮುಖಗಳನ್ನು ಕಂಡಿದೆ. ಮಲೆನಾಡಿನ ನಕ್ಸಲ್ ಚಟುವಟಿಕೆ, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ನಡೆದ ವಿದ್ವಾಂಸ ಎಂ.ಎಂ. ಕಲಬುರ್ಗಿ ಹತ್ಯೆ, 2016ರ ಆಗಸ್ಟ್ 1ರಂದು ಮೈಸೂರು ನ್ಯಾಯಾಲಯದ ಆವರಣದಲ್ಲಿ ಸಿಡಿದ ಬಾಂಬ್, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ನಡೆದ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಎಲ್ಲವೂ ಒಂದೇ ಬೇರಿನಿಂದ ಹುಟ್ಟಿದವಲ್ಲ. ಕೃತ್ಯ ನಡೆದ ಮೇಲಿನ ತನಿಖೆ ಮತ್ತು ಶಿಕ್ಷೆ ಪೊಲೀಸರಿಗೂ ನ್ಯಾಯಾಲಯಗಳಿಗೂ ಸೇರಿದ್ದು. ಅದಕ್ಕೂ ಮುಂಚೆ ಆಗಬೇಕಾದ ಕೆಲಸ ಬಹುಪಾಲು ಸ್ಥಳೀಯ ಆಡಳಿತದ್ದು, ಊರಿನವರದ್ದು. ಉಗ್ರವಾದ ತಡೆಗಾಗಿ ವಿಶ್ವಸಂಸ್ಥೆ 2016ರಲ್ಲಿ ಮುಂದಿಟ್ಟ ಕ್ರಿಯಾಯೋಜನೆಯೂ ಸಂವಾದ, ಉತ್ತಮ ಆಡಳಿತ, ಸಮುದಾಯಗಳ ಪಾಲ್ಗೊಳ್ಳುವಿಕೆಗೆ ಒತ್ತು ಕೊಡುತ್ತದೆ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು ಹುಣಸೂರು ಉಪವಿಭಾಗಕ್ಕೆ ಸೇರುತ್ತವೆ. ಇವುಗಳಿಂದಲೇ ಸಾಲಿಗ್ರಾಮ, ಸರಗೂರು ತಾಲ್ಲೂಕುಗಳು ನಂತರ ಬೇರೆಯಾದವು. ಕಾವೇರಿ ಬಯಲಿನ ರೈತರು, ಪೇಟೆಯ ವ್ಯಾಪಾರಿಗಳು, ನಾಗರಹೊಳೆ ಅಂಚಿನ ಜೇನುಕುರುಬ, ಬೆಟ್ಟಕುರುಬ ಹಾಡಿಗಳ ಆದಿವಾಸಿಗಳು, 1960ರ ದಶಕದಿಂದ ನೆಲೆ ನಿಂತಿರುವ ಬೈಲಕುಪ್ಪೆಯ ಟಿಬೆಟನ್ನರು ಎಲ್ಲರೂ ಇಲ್ಲಿದ್ದಾರೆ. ಜನ ‘ಎ.ಸಿ. ಸಾಹೇಬರು’ ಎನ್ನುವ ಉಪವಿಭಾಗಾಧಿಕಾರಿಗೆ ಇಲ್ಲಿ ಎರಡು ಹೊಣೆಗಳಿವೆ. ಉಪವಿಭಾಗ ದಂಡಾಧಿಕಾರಿಯಾಗಿ ಶಾಂತಿ ಕಾಪಾಡುವುದು ಒಂದು. ಅರಣ್ಯ ಹಕ್ಕು ಕಾಯ್ದೆಯಡಿ ಉಪವಿಭಾಗ ಸಮಿತಿಯ ಅಧ್ಯಕ್ಷರಾಗಿ ಆದಿವಾಸಿಗಳ ಅರ್ಜಿಗಳನ್ನು ಪರಿಶೀಲಿಸುವುದು ಇನ್ನೊಂದು. ಮೊದಲನೆಯದು ಇವತ್ತಿನ ಗಲಭೆಯನ್ನು ತಡೆಯುತ್ತದೆ, ಎರಡನೆಯದು ನಾಳೆಯ ಸಿಟ್ಟನ್ನು.

ಗಣೇಶೋತ್ಸವ, ಹನುಮ ಜಯಂತಿ, ಈದ್ ಮಿಲಾದ್ ಹತ್ತಿರವಾದಾಗ ತಾಲ್ಲೂಕು ಕಚೇರಿಯಲ್ಲೋ ಪೊಲೀಸ್ ಠಾಣೆಯಲ್ಲೋ ಶಾಂತಿ ಸಭೆ ಸೇರುತ್ತದೆ. ತಹಶೀಲ್ದಾರ್, ಪೊಲೀಸ್ ಅಧಿಕಾರಿಗಳು, ಸ್ಥಳೀಯ ಸಂಸ್ಥೆಯ ಸದಸ್ಯರು, ಉತ್ಸವ ಸಮಿತಿ ಮತ್ತು ಮಸೀದಿ ಸಮಿತಿಯವರು ಎದುರು ಬದುರು ಕೂರುತ್ತಾರೆ. ಮೆರವಣಿಗೆ ಯಾವ ಬೀದಿಯಲ್ಲಿ ಸಾಗಬೇಕು, ಎಷ್ಟು ಹೊತ್ತಿಗೆ ಮುಗಿಯಬೇಕು, ಧ್ವನಿವರ್ಧಕ ಎಷ್ಟು ಗಂಟೆಗೆ ನಿಲ್ಲಬೇಕು ಎಂಬ ಸಣ್ಣ ವಿಷಯಗಳೇ ಅಲ್ಲಿನ ಚರ್ಚೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧಿಸುವ 2000ನೇ ಇಸವಿಯ ನಿಯಮ ಎಲ್ಲರಿಗೂ ಒಂದೇ. ಅದನ್ನು ಎಲ್ಲರ ಹಬ್ಬಕ್ಕೂ ಒಂದೇ ರೀತಿ ಅನ್ವಯಿಸಿದಾಗ ಮಾತ್ರ ಸಭೆಯ ತೀರ್ಮಾನಕ್ಕೆ ಬೆಲೆ ಬರುತ್ತದೆ.

ಈ ಸಣ್ಣ ವಿಷಯಗಳಲ್ಲಿ ಒಮ್ಮತ ಮೂಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಡಿಸೆಂಬರ್‌ನ ಹುಣಸೂರೇ ಉದಾಹರಣೆ. ಹನುಮ ಜಯಂತಿ ಮೆರವಣಿಗೆಯ ಮಾರ್ಗದ ವಿವಾದ ನಿಷೇಧಾಜ್ಞೆಯವರೆಗೆ ಬೆಳೆಯಿತು. ರಸ್ತೆಗೆ ಬ್ಯಾರಿಕೇಡ್ ಬಂದವು, ಸಂಸದರೂ ಪೊಲೀಸರ ವಶವಾದರು. ಮಾತುಕತೆ ಮುರಿದ ಮೇಲೆ ದಂಡಾಧಿಕಾರಿಗೆ ಉಳಿಯುವುದು ಕಾನೂನಿನ ಬಲ ಮಾತ್ರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನಿಷೇಧಾಜ್ಞೆಯ ಹಳೆಯ 144ನೇ ಸೆಕ್ಷನ್ನಿನ ಜಾಗಕ್ಕೆ 163, ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆಸಿಕೊಳ್ಳುವ 107ರ ಜಾಗಕ್ಕೆ 126 ಬಂದಿದೆ. ನಿಷೇಧಾಜ್ಞೆ ಬೀದಿಯನ್ನು ಖಾಲಿ ಮಾಡಿಸಬಹುದು, ಮನಸ್ಸಿನ ಕಹಿಯನ್ನು ಅಳಿಸದು.

ಹಬ್ಬದ ಮುನ್ನಾದಿನ ಕರೆಯುವ ಸಭೆಗಿಂತ ವರ್ಷವಿಡೀ ಉಳಿಯುವ ನಂಟು ಹೆಚ್ಚು ಬಾಳುತ್ತದೆ. ಮಹಾರಾಷ್ಟ್ರದ ಭಿವಂಡಿಯಲ್ಲಿ 1984ರಲ್ಲಿ ದೊಡ್ಡ ಕೋಮುಗಲಭೆ ನಡೆದಿತ್ತು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂಗಳೂ ಮುಸ್ಲಿಮರೂ ಅವುಗಳಲ್ಲಿ ಒಟ್ಟಿಗೆ ಕೂತು ದಿನನಿತ್ಯದ ತಂಟೆತಕರಾರುಗಳನ್ನು ಬಗೆಹರಿಸಿಕೊಂಡರು. 1992–93ರಲ್ಲಿ ಹತ್ತಿರದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಕರ್ನಾಟಕದಲ್ಲಿ 2017ರಿಂದ ಮರುರೂಪಿಸಿರುವ ಪೊಲೀಸ್ ಬೀಟ್ ವ್ಯವಸ್ಥೆಯ ಆಶಯವೂ ಇದೇ. ಪ್ರತಿ ಬೀಟ್‌ಗೆ ಒಬ್ಬ ಸಿಬ್ಬಂದಿ, ಅವರೊಂದಿಗೆ ಬೀಟ್ ಸದಸ್ಯರಾದ ಊರಿನ ನಾಗರಿಕರು.

ಪೊಲೀಸರಿಗೂ ಊರಿನವರಿಗೂ ನಡುವಿನ ಇಂಥ ಪರಿಚಯದ ಪ್ರಯೋಜನ ಎರಡು ಕಡೆ ಕಾಣುತ್ತದೆ. ಒಂದು, ಗಾಳಿಸುದ್ದಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಯುವಕನೊಬ್ಬನನ್ನು ಹೊಡೆದು ಕೊಂದಿತು. ನಿಜಾಂಶವನ್ನು ತಡಮಾಡದೆ ಊರಿಗೆ ತಿಳಿಸಬಲ್ಲವರು ಜನ ಬಲ್ಲ ಪಂಚಾಯಿತಿ ಸದಸ್ಯ, ಪಿಡಿಒ, ಶಾಲೆಯ ಮೇಷ್ಟ್ರು, ಬೀಟ್ ಪೊಲೀಸ್. ಇನ್ನೊಂದು, ಬಾಡಿಗೆದಾರರ ಮಾಹಿತಿ. 2022ರ ನವೆಂಬರ್‌ನ ಮಂಗಳೂರು ಕುಕ್ಕರ್ ಸ್ಫೋಟದ ಆರೋಪಿ ಬೇರೊಬ್ಬರ ಆಧಾರ್ ತೋರಿಸಿ ಮೈಸೂರಿನಲ್ಲಿ ಕೊಠಡಿ ಹಿಡಿದಿದ್ದ ಎಂಬುದು ತನಿಖೆಯಲ್ಲಿ ಹೊರಬಿತ್ತು. ಮನೆ ಮಾಲೀಕರು ದಾಖಲೆ ಸರಿಯಾಗಿ ನೋಡಿ ಠಾಣೆಗೆ ತಿಳಿಸುವುದು ಸಾಮಾನ್ಯ ಎಚ್ಚರ. ಅದೇ ಎಚ್ಚರ ಒಂದು ಸಮುದಾಯದವರಿಗೆ ಮನೆಯೇ ಸಿಗದಂತೆ ಮಾಡಿದರೆ ಫಲ ಉಲ್ಟಾ ಆಗುತ್ತದೆ.

ಎಚ್.ಡಿ. ಕೋಟೆ ಮತ್ತು ಹುಣಸೂರಿನ ಕಾಡಂಚಿನಲ್ಲಿ ಪ್ರಶ್ನೆ ಬೇರೆ. ನಾಗರಹೊಳೆ ಅರಣ್ಯದಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿಗತಿ ಅಧ್ಯಯನ ಮಾಡಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, 3,418 ಕುಟುಂಬಗಳಿಗೆ ಪುನರ್ವಸತಿ ಬೇಕೆಂದಿತು. ಹೀಗೆ ನೆಲೆ ಕಳೆದುಕೊಂಡವರ ಅನ್ಯಾಯದ ಭಾವನೆ ಹಿಂಸೆಯಲ್ಲಿ ಕೊನೆಗೊಳ್ಳುವ ಅಪಾಯ ಕಲ್ಪನೆಯಲ್ಲ. ಗಡಿಯಾಚೆಯ ವಯನಾಡಿನ ಮುತ್ತಂಗದಲ್ಲಿ 2003ರ ಫೆಬ್ರವರಿಯಲ್ಲಿ ಭೂಮಿಗಾಗಿ ನಡೆದ ಆದಿವಾಸಿ ಹೋರಾಟ ಸಾವುನೋವಿನಲ್ಲಿ ಕೊನೆಗೊಂಡಿತು. ನಾಗರಹೊಳೆಯಲ್ಲಾದರೋ, ಕಾಡಿನೊಳಗೆ ಪಂಚತಾರಾ ರೆಸಾರ್ಟ್ ವಿರೋಧಿಸಿದ ಆದಿವಾಸಿಗಳು ಚಳವಳಿಯ ಜೊತೆಗೆ ಹೈಕೋರ್ಟಿನ ಬಾಗಿಲನ್ನೂ ತಟ್ಟಿ 1997ರಲ್ಲಿ ಗೆದ್ದರು. ಕಾನೂನಿನ ದಾರಿಯಲ್ಲಿ ನ್ಯಾಯ ಸಿಗುತ್ತದೆಂಬ ಅನುಭವವೇ ಹಿಂಸೆಯ ಬೋಧನೆಗೆ ಬಲವಾದ ಉತ್ತರ.

2006ರ ಅರಣ್ಯ ಹಕ್ಕು ಕಾಯ್ದೆ ಆ ದಾರಿಯನ್ನು ಗ್ರಾಮಸಭೆಯಿಂದಲೇ ಶುರುಮಾಡುತ್ತದೆ. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಹಕ್ಕುಪತ್ರದ ಅರ್ಜಿ ಪಡೆದು ಸ್ಥಳ ಪರಿಶೀಲಿಸುತ್ತದೆ. ಕಡತ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಅರ್ಜಿ ತಿರಸ್ಕಾರವಾದರೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. 1984ರಲ್ಲಿ ಹುಟ್ಟಿ ಎಚ್.ಡಿ. ಕೋಟೆಯಲ್ಲಿ ಆರೋಗ್ಯ, ಶಿಕ್ಷಣದ ಕೆಲಸ ಮಾಡುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂಥ ಸಂಸ್ಥೆಗಳು ಹಾಡಿಗೂ ಕಚೇರಿಗೂ ನಡುವಿನ ದೂರವನ್ನು ಕಡಿಮೆ ಮಾಡಿವೆ.

ಬಂದೂಕು ಹಿಡಿದವರನ್ನೂ ಮಾತುಕತೆ ಮರಳಿ ತರಬಲ್ಲದು. 2014ರ ಡಿಸೆಂಬರ್‌ನಲ್ಲಿ ನಕ್ಸಲ್ ನಾಯಕರಾದ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಮುಖ್ಯವಾಹಿನಿಗೆ ಬಂದದ್ದರ ಹಿಂದೆ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ವಕೀಲ ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರ ಪ್ರಯತ್ನವಿತ್ತು. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಯ ಮುಂದೆ ಶರಣಾದಾಗಲೂ ಶಾಂತಿಗಾಗಿ ನಾಗರಿಕ ವೇದಿಕೆ ಮತ್ತು ಶರಣಾಗತಿ ಸಮಿತಿಯವರು ಮಧ್ಯಸ್ಥರಾಗಿದ್ದರು. ಕಾಡಂಚಿನ ಆದಿವಾಸಿಗಳ ಭೂಮಿಯ ಹಕ್ಕು ಶರಣಾದವರ ಬೇಡಿಕೆಗಳಲ್ಲಿ ಒಂದಾಗಿತ್ತು.

ಈ ವ್ಯವಸ್ಥೆಯಲ್ಲಿ ಕೊರತೆಗಳೂ ಇವೆ. ಶಾಂತಿ ಸಭೆಗೆ ಪ್ರತಿ ಸಲ ಅದೇ ಮುಖಂಡರು ಬಂದರೆ ಮೆರವಣಿಗೆಯ ಮುಂದೆ ಕುಣಿಯುವ ಹುಡುಗರಿಗೂ ಸಭೆಗೂ ಸಂಬಂಧವೇ ಇರುವುದಿಲ್ಲ. ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು, ಯುವಕ ಸಂಘಗಳು, ಕಾಲೇಜುಗಳು ಅಲ್ಲಿಗೆ ಬರಬೇಕು. ಬೀಟ್ ಸದಸ್ಯತ್ವ ನೆರೆಯವರ ಮೇಲಿನ ಬೇಹುಗಾರಿಕೆಯಾದರೆ ನಂಬಿಕೆ ಉಳಿಯದು. ತಡೆದ ಹಿಂಸೆ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲವಾದ್ದರಿಂದ, ಯಶಸ್ಸನ್ನು ಅಳೆಯಲು ಬೇರೆ ಗುರುತುಗಳು ಬೇಕು: ಶಾಂತಿ ಸಭೆಯ ತೀರ್ಮಾನಗಳು ಎಲ್ಲರ ಮೇಲೂ ಸಮನಾಗಿ ಜಾರಿಯಾದವೇ, ಬೆದರಿಕೆಯ ದೂರು ಕೊಟ್ಟವರಿಗೆ ಠಾಣೆಯಲ್ಲಿ ಸ್ಪಂದನ ಸಿಕ್ಕಿತೇ, ಉಪವಿಭಾಗ ಸಮಿತಿಯ ಮುಂದಿರುವ ಅರ್ಜಿಗಳು ಎಷ್ಟು ಕಾಲದಿಂದ ಉಳಿದಿವೆ. ಈ ಮೂರನ್ನೂ ಗ್ರಾಮಸಭೆಯಲ್ಲಿ, ಪುರಸಭೆ ನಗರಸಭೆಗಳಲ್ಲಿ ಕೇಳುವ ಹಕ್ಕು ಜನರಿಗಿದೆ.