ಸ್ವಚ್ಛ ವಾಹಿನಿ: ಪ್ಯಾಡ್ ಬದಲಿಸಿದ ನಂತರ ಬ್ರೇಕ್ ಪೆಡಲ್ ಮೃದುವಾದರೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ:

ಮನೆಮನೆಯ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯು ಪ್ರತಿ ಬೀದಿಯಲ್ಲೂ ಹಲವು ಬಾರಿ ನಿಂತು ಹೊರಡುವ ವಾಹನವಾದುದರಿಂದ ಅದರ ಬ್ರೇಕ್ ಪ್ಯಾಡ್ ಬೇಗ ಸವೆಯುವುದು ಸಹಜ. ಪ್ಯಾಡ್ ಬದಲಿಸಿದ ಬಿಲ್ಲು ಸಭೆಗೆ ಬರುತ್ತದೆ, ಒಪ್ಪಿಗೆಯೂ ದೊರೆಯುತ್ತದೆ. ಆದರೆ ಹೊಸ ಪ್ಯಾಡ್ ಹಾಕಿದ ಮೇಲೆ ಪೆಡಲ್ ಒಳಕ್ಕೆ ಹೋಗುತ್ತಿದೆ ಎಂದು ಚಾಲಕಿ ತಿಳಿಸಿದಾಗ, ಓಡಿಸುತ್ತಾ ಸರಿಹೋಗುತ್ತದೆ ಎಂಬ ಉತ್ತರ ಬರುವುದುಂಟು. ಇದು ಅರ್ಧಸತ್ಯ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಸ್ವಲ್ಪ ಕಡಿಮೆ ಇರಬಹುದು. ಪೆಡಲ್ ಮಾತ್ರ ಗಟ್ಟಿಯಾಗಿಯೇ ಇರತಕ್ಕದ್ದು.

ದಪ್ಪನೆಯ ಹೊಸ ಪ್ಯಾಡಿಗೆ ಜಾಗ ಮಾಡಲು ಮೆಕ್ಯಾನಿಕ್ ಕ್ಯಾಲಿಪರ್‌ನ ಪಿಸ್ಟನ್ನನ್ನು ಹಿಂದಕ್ಕೆ ಒತ್ತುತ್ತಾರೆ. ಆದ್ದರಿಂದ ಮೊದಲ ಕೆಲವು ತುಳಿತಗಳಲ್ಲಿ ಪೆಡಲ್ ತಳ ಮುಟ್ಟುತ್ತದೆ. ವಾಹನವನ್ನು ಕದಲಿಸುವ ಮುನ್ನವೇ ಪೆಡಲನ್ನು ಪದೇ ಪದೇ ತುಳಿದು ಪಿಸ್ಟನ್ ಮುಂದಕ್ಕೆ ಬರುವಂತೆ ಮಾಡಬೇಕು. ಇದನ್ನು ಮರೆತು ಗ್ಯಾರೇಜಿನಿಂದ ಹೊರಟರೆ ಮೊದಲ ತಿರುವಿನಲ್ಲೇ ಬ್ರೇಕ್ ಸಿಗದು.

ಅನಂತರವೂ ಪೆಡಲ್ ಮೆತ್ತಗಿದ್ದರೆ ಕಾರಣ ಹುಡುಕಬೇಕು. ಎಂಜಿನ್ ನಿಲ್ಲಿಸಿ ಹಲವು ಬಾರಿ ತುಳಿದಾಗ ಪೆಡಲ್ ಮೇಲೇರಿ, ಸ್ವಲ್ಪ ಹೊತ್ತು ಬಿಟ್ಟು ತುಳಿದಾಗ ಮತ್ತೆ ಸ್ಪಂಜಿನಂತಾದರೆ ಕೊಳವೆಯಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಅಲ್ಲಿಯೇ ಕಳೆದುಹೋಗುತ್ತದೆ. ಕೇವಲ ಪ್ಯಾಡ್ ಬದಲಿಸಿದರೆ ಗಾಳಿ ಸೇರಬಾರದು. ಹೋಸ್ ಬಿಚ್ಚಿದ್ದರೆ, ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದ್ದರೆ ಅಥವಾ ಬ್ರೇಕ್ ಆಯಿಲ್ ಬರಿದಾಗಿದ್ದರೆ ಸೇರುತ್ತದೆ. ಕ್ಯಾಲಿಪರ್ ಬಿಚ್ಚಿ ಎಡ ಬಲ ಅದಲುಬದಲಾಗಿ ಕೂರಿಸಿದರೆ ನಿಪ್ಪಲ್ ಕೆಳಮುಖವಾಗಿ, ಎಷ್ಟು ಬಾರಿ ಏರ್ ತೆಗೆದರೂ ಗಾಳಿ ಮೇಲ್ಭಾಗದಲ್ಲೇ ಉಳಿಯುತ್ತದೆ. ನಿಪ್ಪಲ್ ಮೇಲ್ಗಡೆ ಇದೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಸಮನಾಗಿ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋದರೆ ದೋಷ ಬೇರೆ. ಎಲ್ಲಿಯಾದರೂ ಸೋರಿಕೆ ಇರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕೆಟ್ಟಿರಬೇಕು. ಹಳೆಯ ವಾಹನದಲ್ಲಿ ಏರ್ ತೆಗೆಯುವಾಗ ಪೆಡಲನ್ನು ತಳದವರೆಗೆ ತುಳಿದುದರಿಂದಲೇ ಈ ರಬ್ಬರ್ ಹರಿಯುವುದುಂಟು. ಎಂಜಿನ್ ಚಾಲೂ ಮಾಡಿದ ಕ್ಷಣ ಪೆಡಲ್ ತುಸು ಇಳಿಯುವುದು ಮಾತ್ರ ಬೂಸ್ಟರಿನ ಕೆಲಸ, ಅದು ದೋಷವಲ್ಲ.

ಹಿಂದಿನ ಚಕ್ರಗಳನ್ನೂ ಮರೆಯಬಾರದು. ಇಂತಹ ಲಘು ವಾಹನಗಳಲ್ಲಿ ಸಾಮಾನ್ಯವಾಗಿ ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ನಿಂತ ವಾಹನದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ತುಳಿದಾಗ ಪೆಡಲ್ ಮೇಲೆಯೇ ನಿಂತರೆ, ಹಿಂದಿನ ಶೂಗಳ ಅಂತರ ಹೆಚ್ಚಾಗಿದೆಯೆಂದು ತಿಳಿಯಬೇಕು.

ಬ್ರೇಕ್ ಆಯಿಲ್ ತೇವಾಂಶವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ನೀರು ಸೇರಿದ ಬಳಿಕದ ಮಿತಿ 140. ಹಳೆಯ ಡಬ್ಬಿಯಲ್ಲಿ ಉಳಿದುದನ್ನಾಗಲಿ, ಎಂಜಿನ್ ಆಯಿಲನ್ನಾಗಲಿ ಹಾಕಕೂಡದು. ಎಂಜಿನ್ ಆಯಿಲ್ ತಗುಲಿದರೆ ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ.

ದುರಸ್ತಿ ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ ಚಾಲಕಿಯನ್ನೇ ಕೇಳುವುದು ಸೂಕ್ತ: ಒಂದೇ ತುಳಿತಕ್ಕೆ ಪೆಡಲ್ ಗಟ್ಟಿಯಾಗಿ ನಿಲ್ಲುತ್ತದೆಯೇ? ಇಲ್ಲವೆಂದಾದರೆ ವಾಹನವನ್ನು ಮರಳಿ ದುರಸ್ತಿಗೆ ಕಳುಹಿಸಿ, ಅಂದಿನ ಕಸ ಸಂಗ್ರಹಣೆಗೆ ಬೇರೆ ವ್ಯವಸ್ಥೆ ಮಾಡತಕ್ಕದ್ದು. ಕಸ ಒಂದು ದಿನ ಉಳಿದರೆ ದೂರು ಬರುತ್ತದೆ, ನಿಜ. ಆದರೆ ಆ ದೂರಿಗೆ ಅಂಜಿ, ಶಾಲೆ ಬಿಡುವ ಹೊತ್ತಿಗೆ ತುಂಬಿದ ವಾಹನವನ್ನು ಊರಬೀದಿಗೆ ಇಳಿಸುವಂತೆ ಯಾವ ಚಾಲಕಿಯನ್ನೂ ಒತ್ತಾಯಿಸಬಾರದು.